ಕೊಳಕೂರ ಬಸ್ಸಿನ ಒಂಬತ್ತು ಚೀಲ

ಎಲ್ಲರಿಗೂ ಶರಣು. ಆಳಂದ, ಅಫಜಲಪುರ, ಜೇವರ್ಗಿಯಿಂದ ಬಂದ ಹಿರಿಯರೇ, ನಮ್ಮ ಮೂರೂ ಅಂಗಡಿಯ ಸಿಬ್ಬಂದಿಯೇ, ಮಾದನಹಿಪ್ಪರಗಾದಿಂದ ಬಂದ ಬಂಧುಗಳೇ — ಗುರಮ್ಮಕ್ಕ, ಮಗಳು ಸೃಷ್ಟಿ — ಮನೆಯ ಯಜಮಾನರನ್ನು ಕಳೆದುಕೊಂಡ ನಿಮ್ಮಿಬ್ಬರಿಗೆ ಏನು ಹೇಳಬೇಕೆಂದು ಹದಿಮೂರು ದಿನದಿಂದ ಯೋಚಿಸಿದೆ. ಗೊತ್ತಾಗಲಿಲ್ಲ. ಅದಕ್ಕೇ ನಡೆದದ್ದನ್ನು ಹೇಳಿ ಕೂರುತ್ತೇನೆ.

ನಾನು ದ್ರೌಪದಿ. ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ, ಲಿಂಗೈಕ್ಯ ಕಲ್ಯಾಣಪ್ಪ ಸರ್ ಅವರ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷ ಕೂತವಳು. ಮಾತಾಡಲು ನನಗೆ ಐದು ನಿಮಿಷ ಕೊಟ್ಟಿದ್ದಾರೆ. “ನಾಕು ಚೊಲೊ ಮಾತ ಹೇಳಿ ಇಳದುಬಿಡ್ರಿ ಮೇಡಂ” ಎಂದೂ ಕಿವಿಯಲ್ಲಿ ಹೇಳಿದ್ದಾರೆ. ಒಳ್ಳೆಯ ಮಾತೇ ಹೇಳುತ್ತೇನೆ. ಯಾರಿಗಾದರೂ ಚುಚ್ಚಿದರೆ ಅದು ಅವರ ಹಣೆಬರಹ.

ನಾಲ್ಕು ದಿನದ ಹಿಂದೆ ಗುರಮ್ಮಕ್ಕ ಹಿಟ್ಟಿನ ಗಿರಣಿಗೆ ಹೋಗಿದ್ದರು. ಗಂಡ ಹೋಗಿ ಒಂಬತ್ತನೆಯ ದಿನ. ಅಲ್ಲಿ ಒಬ್ಬಾಕೆ ಕೇಳಿದಳಂತೆ — “ನಿಮ್ಮ ಯಜಮಾನ್ರು ಕಂಪನಿದು ಮೂವತ್ತಾರು ಲಕ್ಷ ಮುಳುಗಿಸ್ಯಾರಂತಲ್ಲಬೇ, ಖರೇ ಏನು? ಎಲ್ಲಿಟ್ಟಾರ?” ಗುರಮ್ಮಕ್ಕ ಜೋಳ ಬೀಸಿಸದೆ ಹಾಗೇ ಮನೆಗೆ ಬಂದರು. ಈ ಊರಿನಲ್ಲಿ ಆ ಮಾತು ಗಿರಣಿಯಲ್ಲಿದೆ, ಚಹಾದಂಗಡಿಯಲ್ಲಿದೆ, ಕ್ಷಮಿಸಿ — ಈ ಭವನದ ಹಿಂದಿನ ಸಾಲಿನಲ್ಲೂ ಇದೆ. ಇವತ್ತು ಅದಕ್ಕೆ ಇಲ್ಲೇ ಉತ್ತರ ಕೊಟ್ಟು ಹೋಗುತ್ತೇನೆ.

ಆ ಮೂವತ್ತಾರು ಲಕ್ಷ ಏನು?

ನಾಲ್ಕು ವರ್ಷದ ಹಿಂದೆ ನಮ್ಮ ಕಂಪನಿ ಜೇವರ್ಗಿಯಲ್ಲಿ ಮಸೂದ ಸಾಹೇಬರ ಜವಳಿ ಅಂಗಡಿ ಕೊಂಡಿತು. ಒಳಗಿದ್ದ ಬಟ್ಟೆಗೆ ಒಂದು ಬೆಲೆ. ಕಪಾಟು, ಫ್ಯಾನು, ಗಲ್ಲಾಪೆಟ್ಟಿಗೆಗೆ ಒಂದು ಬೆಲೆ. ಅದರ ಮೇಲೆ ಇನ್ನೂ ನಲವತ್ತೆರಡು ಲಕ್ಷ ಕೊಟ್ಟೆವು. ಯಾತಕ್ಕೆ? ಮುಟ್ಟಿ ನೋಡೋಣವೆಂದರೆ ಅಂಥದ್ದೇನೂ ಇಲ್ಲ. ಜನ ಆ ಬಾಗಿಲಿಗೇ ಬರುತ್ತಾರಲ್ಲ, ಅದಕ್ಕೆ. ಲೆಕ್ಕದಲ್ಲಿ ಅದನ್ನು ಗುಡ್‌ವಿಲ್ ಅಂತ ಬರೆಯುತ್ತಾರೆ. ಕಣ್ಣಿಗೆ ಕಾಣದ ಆಸ್ತಿ.

ಜನ ಯಾಕೆ ಬರುತ್ತಿದ್ದರು? ಸಾಹೇಬರು ಇಲ್ಲೇ ಕೂತಿದ್ದಾರೆ, ಕೇಳಿ. ಲಗ್ನದ ಸೀರೆಗೆ ಬಂದವರಿಗೆ ಹತ್ತು ಹನ್ನೆರಡು ಸೀರೆ ಗಂಟು ಕಟ್ಟಿ ಕೈಗೆ ಕೊಡುತ್ತಿದ್ದರು. ಬಿಲ್ ಇಲ್ಲ, ಚೀಟಿ ಇಲ್ಲ. “ಮನ್ಯಾಗ ಹಿರೇರಿಗೆ ತೋರ್ಸಿ ಬರ್ರಿ. ಮನಸಿಗಿ ಬಂದದ್ದು ಇಟಗೋರಿ, ಉಳದದ್ದು ತಂದು ಕೊಡ್ರಿ.” ಮೂವತ್ತು ವರ್ಷದಲ್ಲಿ ತಿರುಗಿ ಬರದ ಗಂಟು ಎಷ್ಟು, ಸಾಹೇಬ್ರೇ? — ಒಂದು ಬೆರಳು ತೋರಿಸುತ್ತಿದ್ದಾರೆ, ನೋಡಿ. ಒಂದು!

ನಾವು ಕೊಂಡ ಎರಡನೇ ವರ್ಷ ಮೇಲಿನಿಂದ ಆದೇಶ ಬಂತು. ಬಿಲ್ ಆಗದೆ ಒಂದು ಕರವಸ್ತ್ರವೂ ಅಂಗಡಿಯ ಹೊಸ್ತಿಲು ದಾಟಬಾರದು. ಗಂಟು ಕಟ್ಟುವುದು ಬಂದ್.

ಗಂಟು ನಿಂತಿತು, ಜನ ಬರುವುದೂ ನಿಂತಿತು. ಬೋರ್ಡಿನ ಮೇಲೆ ಲೈಟು ಮಾತ್ರ ಹೆಚ್ಚಾಯಿತು.

ಆದರೆ ಪುಸ್ತಕದಲ್ಲಿ ನಲವತ್ತೆರಡು ಲಕ್ಷ ಹಾಗೇ ಇತ್ತು. ಪ್ರತಿ ವರ್ಷ ನೋಡಬೇಕು ಎನ್ನುತ್ತದೆ ಲೆಕ್ಕದ ನಿಯಮ — ಅಷ್ಟು ಕೊಟ್ಟು ಕೊಂಡದ್ದು ಇನ್ನೂ ಅಷ್ಟು ಬಾಳುತ್ತದೆಯೇ? ಬಾಳದಿದ್ದರೆ ಕಡಿಮೆ ಮಾಡಿ ಬರೆಯಬೇಕು. ನಾವೇನು ಮಾಡಿದೆವು ಗೊತ್ತೇ? ಮೂರೂ ಅಂಗಡಿಯನ್ನು ಒಟ್ಟಿಗೆ ಕೂಡಿಸಿ ನೋಡಿದೆವು. ಆಳಂದದ ಲಾಭದ ಕಂಬಳಿ ಎಳೆದು ಜೇವರ್ಗಿಗೆ ಹೊದಿಸಿದೆವು. ಮುಂದಿನ ವರ್ಷ ವ್ಯಾಪಾರ ಶೇಕಡಾ ಹದಿನೈದು ಏರುತ್ತದೆ ಎಂದು ಮೇಲಿನಿಂದ ಹೇಳಿದರು, ನಾನೇ ಟೈಪ್ ಮಾಡಿದೆ. ಹೌದು, ಈ ಕೈಯಿಂದಲೇ. ಕಲ್ಯಾಣಪ್ಪ ಸರ್ ಸಹಿ ಹಾಕಿದರು.

ಅದು ಅವರ ತಪ್ಪು. ಸತ್ತವರನ್ನು ದೇವರು ಮಾಡಲು ನಾನು ಇಲ್ಲಿ ನಿಂತಿಲ್ಲ. ಅವರೇ ಒಪ್ಪಿಕೊಂಡಿದ್ದರು — “ಹೋದ ವರ್ಷದ ಸಹಿ ನಂದವಾ. ತಪ್ಪೂ ನಂದೇ. ಈ ವರ್ಷ ಅದೇ ತಪ್ಪ ಮಾಡಿದ್ರ ಅದಕ್ಕ ತಪ್ಪ ಅನ್ನಂಗಿಲ್ಲ, ಲಬಾಡಿ, ಮೋಸ ಅಂತಾರ.”

ಈ ಬೇಸಿಗೆ ಲಗ್ನದ ಹಂಗಾಮಿನಲ್ಲಿ ಎಂಟು ದಿನ ರಜೆ ಹಾಕಿದರು. ಘತ್ತರಗಿಗೆ ಹೋಗುತ್ತಾರೇನೋ, ಭಾಗ್ಯವಂತಿ ದೇವಿಗೆ ಏನೋ ಹರಕೆ ಇರಬೇಕು ಎಂದುಕೊಂಡೆ. ಆ ಮನುಷ್ಯ ಎಲ್ಲಿಗೆ ಹೋದರು? ಜೇವರ್ಗಿ ಬಸ್ ನಿಲ್ದಾಣಕ್ಕೆ! ಬಟ್ಟೆ ಕೊಂಡು ಹಳ್ಳಿಗೆ ತಿರುಗುವವರು ಹತ್ತುವ ಕೊಳಕೂರ ಬಸ್ಸು ನಿಲ್ಲುವ ಕಡೆ ಕಲ್ಲುಬೆಂಚಿನ ಮೇಲೆ — ಹೀಗೆ, ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು — ಹತ್ತುವ ಹೆಣ್ಣುಮಕ್ಕಳ ಕೈಚೀಲ ನೋಡುತ್ತ ಕೂತರು. ಸೀರೆಯ ಚೀಲ ಯಾವ ಅಂಗಡಿಯದು, ಅಷ್ಟೇ. ಮೂರನೇ ದಿನ ನಿಲ್ದಾಣದ ಕಂಟ್ರೋಲರ್‌ಗೆ ಗುಮಾನಿ ಬಂತು.

“ಕಾಕಾ, ಯಾರ ಚೀಲದ ಮ್ಯಾಲ ಕಣ್ಣಿಟ್ಟೀರಿ?”

“ಎಲ್ಲಾರ ಚೀಲದ ಮ್ಯಾಲಾನೂ ಇಟ್ಟೇನಪಾ. ನೀ ಹೆದರಬ್ಯಾಡ, ನಾ ಲೆಕ್ಕದಾಂವ ಇದ್ದೇನಿ.”

ನಗಿ, ನಗಿ. ಅವರೂ ಇದನ್ನು ಹೇಳಿ ಬಹಳ ನಕ್ಕಿದ್ದರು.

ಒಬ್ಬ ತಾಯಿಯನ್ನು ಕೇಳಿದರಂತೆ — “ಯಾಕವ್ವಾ, ಮಸೂದ ಸಾಹೇಬರ ಅಂಗಡಿ ಇಲ್ಲೇ ಐತಿ, ಸಿಂದಗಿತನ ಯಾಕ ಹೋಗಿದ್ರಿ?” ಆಕೆ ಅಂದಳಂತೆ — “ಅಲ್ಲೊಬ್ಬಾತ ಗಂಟ ಕೊಡ್ತಾನ್ರಿ. ನಮ್ಮತ್ತಿ ಹಾಸಿಗಿ ಹಿಡದಾಳ. ಆಕಿಗಿ ತೋರ್ಸಲಾರದ ಮೊಮ್ಮಗಳ ಸೀರಿ ಹ್ಯಾಂಗ ತರಬೇಕ್ರಿ?”

ಎಂಟು ದಿನದಲ್ಲಿ ಅರವತ್ತಮೂರು ಚೀಲ. ನಮ್ಮವು ಒಂಬತ್ತು.

ಚೀಲ ಎಣಿಸಿ ಲೆಕ್ಕ ಬರೆದರು ಎಂದು ತಿಳಿಯಬೇಡಿ. ಎರಡು ವರ್ಷದ ಮಾರಾಟದ ಪುಸ್ತಕ ಅವರ ಬಾಯಿಪಾಠವಾಗಿತ್ತು. ಪುಸ್ತಕ ಹೇಳಿದ್ದು ಖರೆಯೋ ಎಂದು ಕಣ್ಣಿಂದ ನೋಡಲು ಹೋಗಿದ್ದರು. ಬಂದವರೇ ಜೇವರ್ಗಿಯನ್ನು ಬೇರೆಯಾಗಿ ಲೆಕ್ಕ ಹಾಕಿದರು. ಮೂವತ್ತಾರು ಲಕ್ಷ ಹೋಗಿದೆ, ಆರು ಲಕ್ಷ ಉಳಿದಿದೆ ಎಂದು ಬರೆದರು. ನಾನು ಸಿಟ್ಟಿನಲ್ಲಿ ಕೇಳಿದೆ — ಸರ್, ಆ ಆರು ಲಕ್ಷ ಯಾಕೆ ಉಳಿಸಿದಿರಿ? ಅದನ್ನೂ ತೆಗೆದು ಒಗೆಯಿರಿ.

“ಒಂಬತ್ತ ಚೀಲ ನಮ್ಮವು ಅದಾವಲ್ಲವಾ. ಇದ್ದದ್ದು ಇಲ್ಲ ಅಂದ್ರ ಅದೂ ಸುಳ್ಳೇ.”

ಇಂಥ ಮನುಷ್ಯನನ್ನು, ಸ್ವಾಮಿ — ಇಂಥ ಮನುಷ್ಯನನ್ನು ಕಳ್ಳ ಅಂದಿರಿ.

ಮೂವತ್ತಾರು ಲಕ್ಷ ಕಡಿಮೆ ಮಾಡಿ ಬರೆದರೆ ಗಲ್ಲೆಯಿಂದ ಒಂದು ರೂಪಾಯಿಯೂ ಹೊರಗೆ ಹೋಗುವುದಿಲ್ಲ. ಆ ದುಡ್ಡು ನಾಲ್ಕು ವರ್ಷದ ಹಿಂದೆಯೇ ಚೆಕ್ಕಿನಲ್ಲಿ ಸಾಹೇಬರಿಗೆ ಹೋಗಿದೆ. ಸಾಹೇಬ್ರೇ, ಮುಟ್ಟಿತ್ತೋ ಇಲ್ಲೋ? — ತಲೆ ಆಡಿಸುತ್ತಿದ್ದಾರೆ. ಹಿಂದಿನ ಸಾಲಿನವರಿಗೂ ಕಾಣಿಸಿತಲ್ಲ? ಕಲ್ಯಾಣಪ್ಪ ಸರ್ ಏನನ್ನೂ ತೆಗೆದುಕೊಳ್ಳಲಿಲ್ಲ. ಕಳೆದುಹೋದದ್ದನ್ನು ಕಳೆದುಹೋಗಿದೆ ಎಂದು ಬರೆದರು. ಕಳೆದವರು ಬೇರೆ.

ನಿರ್ದೇಶಕರಾದ ಶಿವಪ್ರಕಾಶ ಸರ್ ಮುಂದಿನ ಸಾಲಿನಲ್ಲಿದ್ದಾರೆ. ಬಂದದ್ದು ನಿಮ್ಮ ದೊಡ್ಡತನ. ಈ ಹಾರವೂ ದೊಡ್ಡದಿದೆ. ನಾಲ್ಕನೇ ಅಂಗಡಿಗೆ ಬ್ಯಾಂಕಿನ ಸಾಲ ಬೇಕು, ಅದಕ್ಕೆ ಪುಸ್ತಕ ತುಂಬಿ ಕಾಣಬೇಕು, ಅದು ನನಗೆ ಅರ್ಥವಾಗುತ್ತದೆ. ಆದರೆ “ಕಲ್ಯಾಣಪ್ಪ ಮೂವತ್ತಾರು ಲಕ್ಷ ಮುಳುಗಿಸಿದ” ಎಂಬ ಮಾತು ಗಿರಣಿಯಲ್ಲಿ ಹುಟ್ಟಲಿಲ್ಲ, ಸರ್. ಅದು ನಮ್ಮ ಮೀಟಿಂಗಿನಲ್ಲಿ ಹುಟ್ಟಿತು. ನಾನೂ ಆ ಕೋಣೆಯಲ್ಲಿದ್ದೆ. ಅವತ್ತು ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತದೆ.

ಅದಾಗಿ ನಾಲ್ಕನೇ ದಿನ ಬೆಳಿಗ್ಗೆ, ಚಹಾದ ಕಪ್ಪು ಕೈಯಲ್ಲಿರುವಾಗಲೇ ಅವರ ಎದೆಬಡಿತ ನಿಂತಿತು. ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ನಾನು ಹೇಳುವುದಿಲ್ಲ. ನನಗೆ ಗೊತ್ತಿಲ್ಲದ್ದನ್ನು ಬರೆಯಬಾರದು ಎಂದು ಕಲಿಸಿದವರೇ ಅವರು.

ಸೋಮವಾರ ಹೊಸ ಹಾಳೆಯೊಂದು ನನ್ನ ಮೇಜಿಗೆ ಬಂತು. ಜೇವರ್ಗಿ, ಗುಡ್‌ವಿಲ್, ನಲವತ್ತೆರಡು ಲಕ್ಷ, ಕಡಿತ ಏನೂ ಇಲ್ಲ. ಸಹಿಗೆ ಗೆರೆ ಎಳೆದು, ಕೆಳಗೆ ನನ್ನ ಹೆಸರು.

ಆ ಹಾಳೆ ಖಾಲಿ ಗೆರೆಯೊಂದಿಗೆ ಇಲ್ಲೇ ಇದೆ. ನೋಡಿ. ಇವತ್ತು ಮುಂಜಾನೆ ನಾನು ಸಹಿ ಹಾಕಿದ್ದು ಇನ್ನೊಂದಕ್ಕೆ — ಕಲ್ಯಾಣಪ್ಪ ಸರ್ ಕೈಬರಹದ ಲೆಕ್ಕಕ್ಕೆ, ಅವರ ಸಹಿಯ ಕೆಳಗೆ. ಕೊಳಕೂರ ಬಸ್ಸಿನ ನೋಟ್‌ಬುಕ್ಕಿನ ನಕಲು ಸಮೇತ ಆಡಿಟರ್‌ಗೆ ಮುಟ್ಟಿದೆ. ನಾಳೆ ನನ್ನ ಕೆಲಸ ಹೋಗಬಹುದು. ಹೋಗಲಿ. ಸೃಷ್ಟಿ, ನಿನ್ನ ಅಪ್ಪನ ಹೆಸರು ಇನ್ನು ಯಾರ ಬಾಯಿಗೂ ಸಿಕ್ಕುವುದಿಲ್ಲ. ತಲೆ ಎತ್ತಿ ಕೂರು, ಮಗಳೇ.

ಈಗ ಎಲ್ಲರೂ ಎದ್ದು ನಿಲ್ಲಿ. ಕಲ್ಯಾಣಪ್ಪ ಸರ್ ಅವರನ್ನು ಪ್ರೀತಿಸಿದವರು ನಿಲ್ಲಿ. ಅವರ ಬಗ್ಗೆ ಗಿರಣಿಯಲ್ಲಿ, ಚಹಾದಂಗಡಿಯಲ್ಲಿ, ಮೀಟಿಂಗಿನಲ್ಲಿ ಮಾತಾಡಿದವರೂ ನಿಲ್ಲಿ — ಹೌದು ಸರ್, ನೀವೂ.

ಇಷ್ಟು ದಿನ ಬಹಳ ಮಾತಾಡಿದ್ದೀರಿ. ಎರಡು ನಿಮಿಷ ಸುಮ್ಮನಿರಿ.