ನಲವತ್ತೊಂಬತ್ತು ರನ್

ಎಲ್ಲರಿಗೂ ನಮಸ್ಕಾರ. ಸುಧಾಕರರಾವ್ ಅವರ ಮಗಳು ಸ್ಮೃತಿ, ಅಳಿಯ ಸುಜಯ್ — ನಿಮ್ಮಿಬ್ಬರಿಗೂ ನಮಸ್ಕಾರ. ಲೈಡನ್ನಿನ ಈ ಸಭಾಂಗಣದಲ್ಲಿ ದೂರ ದೂರ ಕುರ್ಚಿ ಹಾಕಿಕೊಂಡು ಕೂತವರಿಗೂ, ಎನ್ಸ್‌ಕೆಡೆ, ನೈಮೆಗನ್‌ಗಳಿಂದ ಪರದೆಯ ಮೇಲೆ ಸೇರಿರುವವರಿಗೂ ನಮಸ್ಕಾರ.

ಸುಧಾಕರರಾವ್ ಮೊಹೋಳಕರ್ ಅವರು ತೀರಿಕೊಂಡು ಹನ್ನೊಂದು ತಿಂಗಳಾಯಿತು. ಅಂತ್ಯಕ್ರಿಯೆಯನ್ನು ನಮ್ಮಲ್ಲಿ ಬಹಳಷ್ಟು ಜನ ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಒಟ್ಟಿಗೆ ಕೂತು ಅವರನ್ನು ನೆನೆಯುತ್ತಿರುವುದು ಇವತ್ತೇ. ನಮ್ಮ ಕನ್ನಡ ಸಂಘದ ಪತ್ರಿಕೆಗೆ ಅವರ ವರದಿಗಳನ್ನು ಟೈಪ್ ಮಾಡುತ್ತಿದ್ದವಳು ನಾನು. ಹಾಗಾಗಿ ಸಹೋದ್ಯೋಗಿಯೆಂದು ನನ್ನನ್ನು ಮಾತಿಗೆ ಕರೆದಿದ್ದಾರೆ. ಆ ಪದ ಕೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಯಾಕೆಂದು ಹೇಳುತ್ತೇನೆ.

ಮೊಹೋಳಕರ್ ಸೊಲ್ಲಾಪುರದವರು. ಮನೆಮಾತು ಮರಾಠಿ, ತಾಯಿಯ ಕಡೆಯಿಂದ ಕನ್ನಡ. ಪುಣೆಯ ಮರಾಠಿ ದಿನಪತ್ರಿಕೆಯೊಂದಕ್ಕೆ ಮೂವತ್ತನಾಲ್ಕು ವರ್ಷ ಕ್ರಿಕೆಟ್ ವರದಿ ಮಾಡಿದರು. ದೊಡ್ಡ ಪಂದ್ಯಗಳನ್ನೂ ನೋಡಿದ್ದರು. ಆದರೆ ನಮಗೆ ಹೇಳುತ್ತಿದ್ದುದು ಸಣ್ಣವುಗಳ ಕಥೆ. ಸಾತಾರಾದಲ್ಲಿ ಒಂದು ಜಿಲ್ಲಾ ಪಂದ್ಯ. ಅಧಿಕೃತ ಸ್ಕೋರಿಗೂ ಇವರ ಪುಸ್ತಕಕ್ಕೂ ಒಂದು ರನ್ ವ್ಯತ್ಯಾಸ. ಇಬ್ಬರು ಸ್ಕೋರರ್‌ಗಳನ್ನೂ ಕೂರಿಸಿಕೊಂಡು ಒಂದೊಂದೇ ಚೆಂಡು ತಾಳೆ ನೋಡಿದರಂತೆ. ಅಷ್ಟರಲ್ಲಿ ಪುಣೆಯ ಬಸ್ಸು ಹೋಯಿತು. ಕಬ್ಬಿನ ಲಾರಿ ಹತ್ತಿ ಊರು ಸೇರಿದರು. “ಯಾರದ್ದು ಸರಿಯಿತ್ತು ಸರ್?” ಅಂದೆ. “ಅವರದ್ದು!” ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು — ಹೀಗೆ, ಇಡೀ ಮೈ ಅಲುಗಿಸಿ.

ಮೂರು ತಿಂಗಳಿಗೆಂದು ನೆದರ್ಲೆಂಡ್ಸಿಗೆ, ಮಗಳ ಮನೆಗೆ ಬಂದರು. ಅದು ೨೦೨೦ರ ಫೆಬ್ರವರಿ. ಆಮೇಲೆ ವಿಮಾನಗಳು ನಿಂತವು. ಜುಲೈನಲ್ಲಿ ಇಲ್ಲಿ ಕ್ರಿಕೆಟ್ ಮತ್ತೆ ಶುರುವಾದಾಗ, ನಮ್ಮ ಹುಡುಗರ ಪಂದ್ಯಗಳ ವರದಿ ಮಾಡುತ್ತೀರಾ ಎಂದು ಕೇಳಿದೆ. ಜನರ ಹತ್ತಿರ ಹೋಗಬಾರದು ಎಂಬುದು ಮಗಳ ಷರತ್ತು. ಸರಿ, ಮೈದಾನದ ಬೇಲಿಯಾಚೆ, ಸೈಕಲ್ ದಾರಿಯ ಪಕ್ಕ ಮಡಿಚುವ ಕುರ್ಚಿ, ಕೊರಳಲ್ಲಿ ಬೈನಾಕ್ಯುಲರ್, ತೊಡೆಯ ಮೇಲೆ ಸ್ಕೋರ್ ಪುಸ್ತಕ. ಸಂಜೆ ಫೋನಿನಲ್ಲಿ ವರದಿ ಹೇಳುವರು, ನಾನು ಬರೆದುಕೊಳ್ಳುವೆ. ನಾನು ಒತ್ತಕ್ಷರಕ್ಕೆ ತಡವರಿಸಿದರೆ, “ನಿಮ್ದು ಇಂಗ್ಲಿಷ್ ಸಾಲಿ ಕನ್ನಡ, ನಂದು ಅಡಗಿಮನಿ ಕನ್ನಡ. ಇಬ್ರೂ ಕೂಡಿದ್ರ ಒಂದು ವರದಿ ಆಗ್ತದ ತಗೋರಿ, ಭಾವನಾಬಾಯಿ” ಅನ್ನುವರು.

ಆಗಸ್ಟ್ ಒಂಬತ್ತು, ಭಾನುವಾರ. ಕೊನೆಯ ಓವರಿನ ಕೊನೆಯ ಚೆಂಡು. ನಮ್ಮ ಚಿರಾಗ್ ನಲವತ್ತೊಂಬತ್ತರಲ್ಲಿದ್ದ. ಒಂದು ರನ್ ಓಡಿದ, ಬ್ಯಾಟ್ ಎತ್ತಿದ, ಎಲ್ಲರೂ ಕುಣಿದರು. ಮೊಬೈಲ್ ಸ್ಕೋರಿನಲ್ಲಿ ಐವತ್ತು. ಸಂಜೆ ಇವರು ಹೇಳಿದ್ದು — ನಲವತ್ತೊಂಬತ್ತು. ಚೆಂಡು ಕಾಲಿಗೆ ತಾಗಿ ಹೋಯಿತು, ಅಂಪೈರ್ ಹೀಗೆ ಮೊಣಕಾಲೆತ್ತಿ ತಟ್ಟಿದರು, ಅದು ಲೆಗ್ ಬೈ. ರನ್ ತಂಡಕ್ಕೆ, ಆಟಗಾರನಿಗಲ್ಲ.

ಫೋನಿಟ್ಟ ಮೇಲೆ ನಾನು ಅದನ್ನು ಐವತ್ತು ಮಾಡಿದೆ. ಅವರನ್ನು ಕೇಳಲಿಲ್ಲ. “ಅರ್ಧಶತಕ” ಎಂಬ ತಲೆಬರಹ, ಚಿರಾಗ್ ಬ್ಯಾಟ್ ಎತ್ತಿದ ಫೋಟೋ, ಕೆಳಗೆ — ಮೊಹೋಳಕರ್ ಅವರ ಹೆಸರು.

ಗಣೇಶ ಹಬ್ಬದ ಜೂಮ್ ಸಭೆ ನಿಮಗೆಲ್ಲ ನೆನಪಿರಬೇಕು. ಯಾರೋ ಕೇಳಿದರು, “ಅಂಕಲ್ ಫಾರ್ಟಿನೈನ್ ಅಂತಿದ್ರಂತಲ್ಲ?” ನಾನು ನಗುತ್ತಾ ಹೇಳಿದೆ, “ಅಷ್ಟು ದೂರದಿಂದ ಪಾಪ, ವಯಸ್ಸಾದೋರಿಗೆ ಸರಿಯಾಗಿ ಕಾಣ್ಸಿಲ್ಲ ಅನ್ಸತ್ತೆ.” “ಒಂದು ಕನ್ನಡಕ ಕೊಡ್ಸಣ ಬಿಡಿ” ಅಂದರು ಮತ್ತೊಬ್ಬರು. ಎಲ್ಲರೂ ನಕ್ಕಿರಿ. ಮೊಹೋಳಕರ್ ಅವರೂ ಆ ಸಭೆಯಲ್ಲಿದ್ದರು, ಪರದೆಯ ಒಂದು ಮೂಲೆಯ ಚೌಕದಲ್ಲಿ. ತುಟಿ ಅಲುಗುತ್ತಿತ್ತು. ಕೈ ಎತ್ತಿ ಏನೋ ಹೇಳುತ್ತಿದ್ದರು. ಮೈಕ್ ಬಂದ್ ಆಗಿತ್ತು. ಆ ನಗುವಿನ ನಡುವೆಯೇ ಎಲ್ಲರ ಮೈಕ್ ಬಂದ್ ಮಾಡಿದ್ದವಳು ನಾನು. ನಾನು ಅವರನ್ನು ನೋಡಿದೆ. ನೋಡಿಯೂ — ಮುಂದಿನ ಕಾರ್ಯಕ್ರಮ ಕರೆದೆ.

ಆ ವಾರವೇ ಚಿರಾಗ್ ನನ್ನಲ್ಲಿಗೆ ಬಂದ. ಅವನ ಬಗ್ಗೆ ಯಾರೂ ಏನೂ ಅನ್ನಬೇಡಿ. “ಆಂಟಿ, ಅದು ಪ್ಯಾಡ್‌ಗೇ ತಾಗಿದ್ದು. ಸರ್ ಹೇಳಿದ್ದೇ ಕರೆಕ್ಟ್. ಚೇಂಜ್ ಮಾಡಿ” ಅಂದ. “ಬಿಡಪ್ಪಾ, ನಿಮ್ಮಮ್ಮ ಆಗ್ಲೇ ಊರಿಗೆಲ್ಲ ಫಾರ್ವರ್ಡ್ ಮಾಡಿದಾರೆ” ಅಂದೆ. ಮಗುವಿನ ಸಂತೋಷಕ್ಕೆ ಅಂದುಕೊಂಡೆ. ಈಗ ಕೇಳಿಕೊಂಡರೆ — ನನ್ನ ತಪ್ಪು ಹೊರಗೆ ಬರಬಾರದು ಎನ್ನುವುದಕ್ಕೇ.

ಮೊಹೋಳಕರ್ ಬೈಯಲಿಲ್ಲ. ತಿದ್ದುಪಡಿಯನ್ನು ತಾವೇ ಹೇಳಿ ಬರೆಸಿದರು. ದೀಪಾವಳಿ ಸಂಚಿಕೆಯ ಕೊನೆಯ ಪುಟದಲ್ಲಿ ಹಾಕುತ್ತೇನೆ ಎಂದೆ. “ಹಂಗಲ್ರಿ ಬಾಯೀ. ಯಾರ ಮುಂದ ತಪ್ಪಾತೋ ಅವರ ಮುಂದನ ತಿದ್ದಬೇಕು. ನಮ್ಮ ದಂಧೇದಾಗ ಇರೋದು ಅದೊಂದ ಮರ್ಯಾದಿ” ಅಂದರು. ನೋಡೋಣ ಸರ್, ಅಂದೆ. ದೀಪಾವಳಿಗೆ ಮೂರು ವಾರ ಮೊದಲು ಅವರ ಹೃದಯ ನಿಂತಿತು. ಆಮೇಲೂ ನಾನು ಅದನ್ನು ಅಚ್ಚು ಹಾಕಲಿಲ್ಲ.

ಹೋದ ವಾರ ಸುಜಯ್ ಒಂದು ಮಾತು ಹೇಳಿದರು. “ಆ ಜೂಮ್ ಆದ್ಮೇಲೆ ಮಾವ ಒಬ್ರೇ ಹೋಗಿ ಕಣ್ಣು ಟೆಸ್ಟ್ ಮಾಡಿಸ್ಕೊಂಡು ಬಂದ್ರು. ದೂರದ ದೃಷ್ಟಿ ಚೆನ್ನಾಗೇ ಇದೆ ಅಂದ್ರಂತೆ. ಆದ್ರೂ ಮತ್ತೆ ಮ್ಯಾಚ್‌ಗೆ ಹೋಗ್ಲಿಲ್ಲ.”

ಮೂವತ್ತನಾಲ್ಕು ವರ್ಷ ತಮ್ಮ ಕಣ್ಣನ್ನೇ ನಂಬಿ ಬದುಕಿದವರು. ಅವರ ಕಣ್ಣಿನ ಮೇಲೆ ಅವರಿಗೇ ಅನುಮಾನ ಬರುವಂತೆ ಮಾಡಿದೆ.

ಅವರು ಬರೆಸಿದ ತಿದ್ದುಪಡಿ ಇದು. ಓದುತ್ತೇನೆ.

“ಆಗಸ್ಟ್ ಒಂಬತ್ತರ ಪಂದ್ಯದ ವರದಿಯಲ್ಲಿ ಚಿರಾಗ್ ಅವರ ರನ್ ಐವತ್ತು ಎಂದು ಅಚ್ಚಾಗಿದೆ. ನಲವತ್ತೊಂಬತ್ತು ಎಂದು ಓದಿಕೊಳ್ಳಬೇಕು. ಕೊನೆಯ ರನ್ ಲೆಗ್ ಬೈ. ಚಿರಾಗ್ ಚೆನ್ನಾಗಿ ಆಡಿದರು. ತಪ್ಪಿಗೆ ವಿಷಾದಿಸುತ್ತೇವೆ.”

ವಿಷಾದಿಸುತ್ತೇವೆ — ಎಂದು ತಮ್ಮನ್ನೂ ಸೇರಿಸಿಕೊಂಡರು. ತಪ್ಪು ನನ್ನೊಬ್ಬಳದು. ಅವರಿಗೆ ಸರಿಯಾಗಿ ಕಂಡಿತ್ತು. ಅದು ನನಗೂ ಗೊತ್ತಿತ್ತು.

ಸ್ಮೃತಿ, ನಿಮ್ಮ ಕ್ಷಮೆಯನ್ನು ನಾನು ಇಲ್ಲಿ ಕೇಳುವುದಿಲ್ಲ. ಇಷ್ಟು ಜನರೆದುರು ಕೇಳಿದರೆ ನೀವು ಇಲ್ಲ ಎನ್ನುವ ಹಾಗಿರುವುದಿಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲೋಣ. ಒಂದು ನಿಮಿಷ, ಮಾತಿಲ್ಲದೆ — ಮೊಹೋಳಕರ್ ಅವರಿಗಾಗಿ.