ಕಿಟಕಿಯ ನೀಲಿ

ಕೊಚ್ಕೋರ್ ಊರಿನ ಆಸ್ಪತ್ರೆಯ ಬೆಂಚಿನಲ್ಲಿ ಕಾಲಿನ ಕಟ್ಟು ಬಿಚ್ಚಿಸಲು ಕಾದಿದ್ದ ಕಲಿಪಾಳಿಗೆ, ಬೇಡವೆಂದರೂ ಪಕ್ಕದ ಮಾತು ಕಿವಿಗೆ ಬಿತ್ತು. ಅಲ್ಲಿ ಕೂತಿದ್ದ ಮುದುಕಿ ಬುರುಲಳ ಸೊಸೆಯನ್ನು ಒಳಗೆ ಪರೀಕ್ಷಿಸುತ್ತಿದ್ದರು. ನೆರೆಮನೆಯ ಕುರಿಗಾರ ಶೇರ್ಗಜಿ ಜೊತೆಗೆ ಬಂದಿದ್ದ.

“ಕುರಿಯಿಂದ ಬಂದ ಜ್ವರ ಅಂತಾರಪ್ಪ. ತಿಂಗಳಾಯ್ತು, ಬಿಟ್ಟುಬಿಟ್ಟು ಬರ್ತಿದೆ.”

“ನಿಮ್ಮ ಕುರಿಗಳಿಂದ್ಲಾ ಅಕ್ಕ?”

“ನಮ್ಮವಕ್ಕೆ ಲಸಿಕೆ ಆಗಿದೆಯಲ್ಲೋ. ನಿನ್ನ ಕುರಿ ಕಂದು ಹಾಕಿದಾಗ ಸತ್ತ ಮರೀನ ಬರಿಗೈಲಿ ಎಳೆದವಳು ಇವಳೇ. ಗ್ಲೌಸ್ ಹಾಕ್ಕೋತೀನಿ ಅಂದ್ಲು. ಕುತ್ತಿಗೆ ಮೇಲೆ ನೀಲಿ ಬಣ್ಣ ಇದೆ, ಲಸಿಕೆ ಆಗಿರೋ ಕುರಿ, ಏನಾಗುತ್ತೆ ಅಂತ ಗದರಿದ್ದು ನಾನು.”

ಶೇರ್ಗಜಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

“ಅಕ್ಕ, ಅದು ಲಸಿಕೆ ಹಾಕಿ ದನದ ಡಾಕ್ಟರು ಹಚ್ಚಿದ ಬಣ್ಣ ಅಲ್ಲ.”

“ಮತ್ತೆ?”

“ಸೂಜಿ ಚುಚ್ಚಿದ್ರೆ ಗಬ್ಬ ಹೋಗುತ್ತೆ ಅಂತ ಹೆದರಿ, ಅವರು ಬಂದ ದಿನ ಕುರಿಗಳನ್ನ ಕಣಿವೆಗೆ ಅಟ್ಟಿದ್ದೆ. ಗುರುತಿಲ್ಲದಿದ್ರೆ ಊರಮಂದೆಗೆ ಸೇರಿಸ್ತಿರಲಿಲ್ಲ. ಕಿಟಕಿಗೆ ಬಳಿದು ಮಿಕ್ಕಿದ್ದ ನೀಲಿ ಬಣ್ಣ ಮನೇಲಿತ್ತು, ಅದನ್ನೇ ಹಚ್ಚಿದೆ.”

ನರ್ಸ್ ಬಾಗಿಲು ತೆರೆದು ಕರೆದಳು. ಬುರುಲ್ ಎದ್ದಳು. ಶೇರ್ಗಜಿಯೂ ಎದ್ದ.

“ನೀನು ಬರಬೇಡ. ನಿನ್ನ ಕುರಿ ಉಳೀತಾ ಅಂತ ದಿನಾ ಕೇಳ್ತಾಳೆ ಅವಳು. ಏನಂತ ಹೇಳ್ತೀಯ?”

ಮುದುಕಿ ಒಳಗೆ ಹೋದಳು. ಶೇರ್ಗಜಿ ಟೋಪಿಯನ್ನು ತಲೆಗಿಡದೆ, ಕೈಯಲ್ಲೇ ಹಿಡಿದು ಮೆಟ್ಟಿಲಿಳಿದ.