ತುಳಸಿಕಟ್ಟೆಯ ಗಾರೆ

ಯುದ್ಧಕಾಲದ ಪುಣೆ. ರೇಷನ್ ಬೆಲ್ಲದ ಅಂಗಡಿಯ ಸಾಲಿನಲ್ಲಿ ನಿಂತಿದ್ದ ರಾಮಲಿಂಗಪ್ಪನಿಗೆ ತನ್ನ ಮುಂದಿದ್ದ ಗಂಡ ಹೆಂಡತಿಯ ಬಾಯಲ್ಲಿ ಧಾರವಾಡದ ಕನ್ನಡ ಕೇಳಿಸಿತು. ಯಾವೂರಿನವರೆಂದು ಕೇಳಹೊರಟವನು, ಸುತ್ತಲೂ ಮರಾಠಿಯವರೇ, ತಮ್ಮ ಮಾತು ಯಾರಿಗೂ ತಿಳಿಯದು ಎಂದು ನಂಬಿ ಅವರು ಆಡುತ್ತಿದ್ದ ಮನೆಯ ಮಾತು ಕೇಳಿ ಸುಮ್ಮನಾದ.

“ತುಳಸಿಕಟ್ಟಿ ಕಲ್ಲು ಕೂಡಸೂ ಗಾರಿಗಂತ ಅತ್ತಿಯವರು ತಮ್ಮ ಪಾಲಿನ ಬೆಲ್ಲ ಕೊಟ್ಟಿದ್ರಲ್ಲ, ಏನ್ ಮಾಡಿದ್ರಿ?” ಹೆಂಡತಿ ಕೇಳಿದಳು.

“ಸುಣ್ಣದಾಗ ಕಲಿಸಿದೆ.”

“ಖರೇ ಹೇಳ್ರಿ.”

ಗಂಡ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದ.

“ಆಫೀಸಿನ್ಯಾಗ ಚಹಾಕ್ಕ ಹಾಕ್ಕೊಂಡು ಕುಡದೆ. ಬೆಲ್ಲ ಇಲ್ಲದಿದ್ರ ತತ್ತಿ ಒಳಗಿನ ಬಿಳೀ ಲೋಳಿ ಹಾಕಿದ್ರೂ ಕಲ್ಲು ಗಟ್ಟಿ ಹಿಡೀತಾವಂತ ಗೌಂಡಿ ಹೇಳಿದ. ಖಡಕಿ ದಂಡಿನ ಪ್ಯಾಟಿಯಿಂದ ತತ್ತಿ ತಂದೆ. ಅವ್ವಗ ಹೇಳಬ್ಯಾಡ. ಆಕಿ ದಿನಾ ಆ ಕಲ್ಲಿಗೆ ಹಣಿ ಹಚ್ಚತಾಳ.”

“ಎಲ್ಲಿ ಹಚ್ಚತಾರ? ಮೊಣಕಾಲು ನೋವಂತ ಹದಿನೈದು ದಿನದಿಂದ ಅಂಗಳಕ್ಕ ಇಳದಿಲ್ಲ.”

“ಮೊಣಕಾಲು ನೋವು ಯಾವಾಗಿಂದ?”

“ಕಟ್ಟಿ ಹಿಂದ ನೀವು ಹುಗದಿದ್ದ ತತ್ತಿ ಸಿಪ್ಪಿ ನಾಯಿ ಕೆದರಿದಾಗಿಂದ. ಯಾರೂ ನೋಡಬಾರದಂತ ತಿರುಗಿ ಮಣ್ಣು ಮುಚ್ಚಿದವರೂ ಅವರೇ.”

ಅಷ್ಟರಲ್ಲಿ ಅವರ ಸರದಿ ಬಂತು. ಗಂಡ ತಲೆ ಎತ್ತದೆ, ತಾಯಿಯ ಪಾಲಿನ ಬೆಲ್ಲವನ್ನು ಬೇರೆ ಪೊಟ್ಟಣ ಕಟ್ಟಿಕೊಡಿರೆಂದು ಮರಾಠಿಯಲ್ಲಿ ಕೇಳಿದ. ಅದನ್ನು ಹೆಂಡತಿಯ ಕೈಗೇ ಕೊಟ್ಟು, ಅವಳ ಹಿಂದೆ ಬರಿಗೈಯಲ್ಲಿ ನಡೆದುಹೋದ.